ಪಾನಮುಕ್ತರ ಸಭೆ (ಮಂಡ್ಯ, ಮದ್ದೂರು, ಮಳವಳ್ಳಿ)

ಕುಡಿತ ಬಿಟ್ಟವರೂ ಬಿಡಬೇಕೆಂದಿರುವವರೂ ಒಟ್ಟಿಗೆ ಕೂತು ಮನಸ್ಸು ಬಿಚ್ಚಿ ಮಾತಾಡುವ ಕೂಟ. ಕರ್ನಾಟಕದ ಹಳ್ಳಿಗಳಲ್ಲಿ ಇದರ ಪರಿಚಿತ ರೂಪ ನವಜೀವನ ಸಮಿತಿ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ 8 ದಿನಗಳ ಮದ್ಯವರ್ಜನ ಶಿಬಿರ ಮುಗಿಸಿದವರು ಇದರಲ್ಲಿ ಸೇರುತ್ತಾರೆ. ಶಿಬಿರಕ್ಕಿಂತ ಸಮಿತಿಯೇ ಮುಖ್ಯವೆನ್ನಬೇಕು: ಒಂಬತ್ತನೆಯ ದಿನ ಸಂಜೆ, ಕೂಲಿ ದುಡ್ಡು ಜೇಬಿನಲ್ಲಿರುವಾಗ, ಅದೇ ಅಂಗಡಿಯ ಮುಂದೆ ಹಾದು ಮನೆ ಸೇರುವುದೇ ನಿಜವಾದ ಕಷ್ಟ.

ಇನ್ನೊಂದು ಧಾರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಇದನ್ನು ಆರಂಭಿಸಿದರು. ಶುಲ್ಕವಿಲ್ಲ, ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಹೊಸಬರು ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರೂ ಯಾರೂ ಕೆದಕುವುದಿಲ್ಲ. ಕೇಳಿದ ಮಾತು ಅಲ್ಲೇ ಉಳಿಯಬೇಕು. ಸಣ್ಣ ಊರಿನಲ್ಲಿ ಗುರುತಿನವರು ಕಂಡಾರೆಂಬ ಅಂಜಿಕೆ ಸಹಜ. ಅಂಥವರು ಬೇರೆ ಊರಿನ ಸಭೆಗೆ ಹೋಗಬಹುದು. ಮಂಡ್ಯ, ಮದ್ದೂರಿನವರಿಗೆ ಬೆಂಗಳೂರು–ಮೈಸೂರು ರೈಲಿದೆ, ಮಳವಳ್ಳಿಯವರಿಗೆ ಬಸ್ಸು. ಮನೆಯವರಿಗೆಂದೇ ಅಲ್-ಅನಾನ್ ಕೂಟಗಳಿವೆ.

ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ಬಿಟ್ಟರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಆದ್ದರಿಂದ ಮೊದಲು ವೈದ್ಯರು, ಆಮೇಲೆ ಸಭೆ. ಮಂಡ್ಯದ ಮಿಮ್ಸ್ ಬೋಧಕ ಆಸ್ಪತ್ರೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲೂ ಮನೋವೈದ್ಯರನ್ನು ಕಾಣಬಹುದು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446, ಇಲ್ಲವೇ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು. ಮತ್ತೆ ಕುಡಿದುಬಿಟ್ಟವರಿಗೂ ಸಭೆಯ ಬಾಗಿಲು ತೆರೆದೇ ಇರುತ್ತದೆ.