ದೋಣಿ–ಹಡಗು ನಿರ್ಮಾಣ ಉದ್ಯಮ: ಉತ್ಪಾದನೆ ಮತ್ತು ರವಾನೆ ವ್ಯವಸ್ಥಾಪಕರ ವೃತ್ತಿ

ದೋಣಿ ಅಥವಾ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಯಾವ ಕೆಲಸ ಯಾವ ದಿನ ಆರಂಭವಾಗಬೇಕು, ಯಾವ ಸಾಮಗ್ರಿ ಯಾವಾಗ ಕೈಸೇರಬೇಕು ಎಂದು ನಿಶ್ಚಯಿಸಿ ನಡೆಸುವವರು ಉತ್ಪಾದನಾ ವ್ಯವಸ್ಥಾಪಕರು. ಸಿದ್ಧವಾದುದನ್ನು ಖರೀದಿದಾರರಿಗೆ ಮುಟ್ಟಿಸುವವರು ರವಾನೆ ವ್ಯವಸ್ಥಾಪಕರು. ಸಣ್ಣ ಕಾರ್ಖಾನೆಗಳಲ್ಲಿ ಎರಡೂ ಹೊಣೆ ಒಬ್ಬರ ಮೇಲೆಯೇ ಬೀಳುವುದುಂಟು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುವ ಸಂಖದಂಥ ಊರಿನಲ್ಲಿ ಹಡಗಿನ ಮಾತೇಕೆ ಎಂದು ಪಾಲಕರು ಕೇಳಬಹುದು. ಇದು ಸಮುದ್ರದ ಮೇಲಿನ ಉದ್ಯೋಗವಲ್ಲ, ದಡದ ಮೇಲಿನದು. ಅದರ ಬಾಗಿಲುಗಳಲ್ಲಿ ಒಂದು ನಮ್ಮದೇ ರಾಜ್ಯದ ಮುಂಬೈಯಲ್ಲಿದೆ. ಆದುದರಿಂದ ಈ ಮಾಹಿತಿಯನ್ನು ಕನ್ನಡ ಶಾಲೆಗಳ ಮನೆಗಳಿಗೆ ತಲುಪಿಸುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ನಮ್ಮ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಈ ಕೆಲಸದ ತಿರುಳು ಹೊಸದಲ್ಲ. ಚಾಟ್ನಿಯ ದಿನದಿಂದ ಲೆಕ್ಕ ಹಿಡಿದು ಔಷಧಿ, ಆಳು, ಕಟಾವು, ಗಾಡಿ ಎಲ್ಲವನ್ನೂ ಹೊಂದಿಸುತ್ತಾರಲ್ಲವೆ? ಹಡಗಿನಲ್ಲಿ ಆ ಲೆಕ್ಕ ಉಕ್ಕಿನ ಹಾಳೆ ಕತ್ತರಿಸುವ ದಿನದಿಂದ ಹೊರಡುತ್ತದೆ. ಕತ್ತರಿಸಿದ ಹಾಳೆಗಳನ್ನು ಬೆಸೆದು ದೊಡ್ಡ ಭಾಗಗಳನ್ನಾಗಿ ಮಾಡುತ್ತಾರೆ. ಆ ಭಾಗಗಳನ್ನು ಕ್ರೇನಿನಿಂದ ಎತ್ತಿ ಜೋಡಿಸುತ್ತಾರೆ. ಬಳಿಕ ಹಡಗನ್ನು ನೀರಿಗಿಳಿಸಿ ಪೈಪು, ವಿದ್ಯುತ್ತು, ಕೋಣೆಗಳ ಕೆಲಸ ಮುಗಿಸಿ ಸಮುದ್ರದಲ್ಲಿ ಓಡಿಸಿ ನೋಡುತ್ತಾರೆ. ಸಾಮಾನ್ಯವಾಗಿ ಖರೀದಿದಾರರು ಹಣವನ್ನು ಈ ಹಂತಗಳಿಗೆ ಅನುಸಾರವಾಗಿಯೇ ಬಿಡುಗಡೆ ಮಾಡುತ್ತಾರೆ. ಒಂದು ಹಂತ ತಡವಾದರೆ ಹಣವೂ ತಡವಾಗುತ್ತದೆ. ಮುಖ್ಯ ಎಂಜಿನ್ ಹಲವು ಸಲ ಹೊರದೇಶದಿಂದ ಬರಬೇಕಾಗುತ್ತದೆ; ಅದು ಮೇಲಿನ ಡೆಕ್ ಮುಚ್ಚುವ ಮೊದಲೇ ಒಳಗಿಳಿಯಬೇಕು. ಬಂದರಿನಲ್ಲಿ ಕಸ್ಟಮ್ಸ್ ಕಾಗದವೊಂದು ಸಿಕ್ಕಿಹಾಕಿಕೊಂಡರೆ ಕಾರ್ಖಾನೆಯಲ್ಲಿ ನೂರು ಜನರ ಕೈ ನಿಲ್ಲುತ್ತದೆ. ಉತ್ಪಾದನೆ ಮತ್ತು ರವಾನೆ ಬೇರೆಬೇರೆ ವೃತ್ತಿಗಳಂತೆ ಕಂಡರೂ ಒಂದನ್ನೊಂದು ಬಿಟ್ಟಿರಲಾರವು ಎನ್ನುವುದು ಇದರಿಂದಲೇ.

ಫೈಬರ್ ಮೀನುಗಾರಿಕಾ ದೋಣಿಗಳದು ಇನ್ನೊಂದು ಬಗೆ. ಅಚ್ಚಿನೊಳಗೆ ಗಾಜುನಾರಿನ ಹಾಸುಗಳನ್ನು ಇಟ್ಟು ರೆಸಿನ್ ಬಳಿದು ಪದರ ಪದರವಾಗಿ ಕಟ್ಟುತ್ತಾರೆ. ಕರಾವಳಿಯ ಮಳೆಗಾಲದ ತೇವದಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗುವಂತೆ ನೋಡಿಕೊಳ್ಳುವುದೇ ಒಂದು ವಿದ್ಯೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಹೊಸ ದೋಣಿಯೂ ದುರಸ್ತಿಯ ದೋಣಿಯೂ ಆಗಸ್ಟ್ ಆರಂಭಕ್ಕೆ ಸಿದ್ಧವಿರಬೇಕೆಂದು ಮಾಲೀಕರು ಬಯಸುತ್ತಾರೆ.

ದೊಡ್ಡ ಹಡಗು ತಾನೇ ಚಲಿಸಿ ಹೋಗಬಲ್ಲದು. ಸಣ್ಣ ದೋಣಿ ಟ್ರೇಲರ್ ಏರಬೇಕು. ಅದು ರಸ್ತೆಯ ನಿಯಮಿತ ಅಗಲವನ್ನು ಮೀರಿದರೆ ವಿಶೇಷ ಪರವಾನಗಿ ಬೇಕು. ದಾರಿಯ ಸೇತುವೆ, ವಿದ್ಯುತ್ ತಂತಿಗಳ ಎತ್ತರವನ್ನು ಮೊದಲೇ ಅಳೆದಿರಬೇಕು. ವಿಮೆ, ಹೊರದೇಶಕ್ಕಾದರೆ ಕಸ್ಟಮ್ಸ್ ದಾಖಲೆ, ಹಡಗು ಕಂಪನಿಯ ಸರಕು ರಸೀದಿ ಇವೂ ರವಾನೆಯವರ ಪಾಲು. ಅಚ್ಚುಕಟ್ಟಾಗಿ ಲೆಕ್ಕ ಬರೆಯುವ ವಾಣಿಜ್ಯ ಪದವೀಧರರಿಗೂ ಇಲ್ಲಿ ಜಾಗವಿದೆ.

ಮುಂಬೈಯ ಮಜಗಾಂವ್ ಡಾಕ್ ಈಗ ಕೇಂದ್ರ ಸರ್ಕಾರದ ಉದ್ಯಮ. ಅದರ ಮೂಲ 1774ರ ಡಾಕ್. ಗೋವಾ ಶಿಪ್‌ಯಾರ್ಡ್ 1957ರದು. ಕನ್ನಡ ನೆಲದಲ್ಲಿ ಮಲ್ಪೆಯ ತೆಬ್ಮಾ ಕಾರ್ಖಾನೆಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡಿತು. ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನ ಈ ಸಂಸ್ಥೆಗೆ 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿ 3,800 ಟನ್ ಸಾಮರ್ಥ್ಯದ ಆರು ಸರಕು ಹಡಗುಗಳನ್ನು ಕಟ್ಟಿಕೊಡಲು ಒಪ್ಪಿಸಿತು.

ಇನ್ನು ದಾರಿ. ಮಜಗಾಂವ್ ಡಾಕ್ ತನ್ನ ಅಪ್ರೆಂಟಿಸ್ ತರಬೇತಿಗೆ ಎಂಟನೆಯ ತರಗತಿ, ಹತ್ತನೆಯ ತರಗತಿ ಹಾಗೂ ಐ.ಟಿ.ಐ. ಮುಗಿಸಿದವರನ್ನು ಬೇರೆಬೇರೆ ಗುಂಪುಗಳಲ್ಲಿ ಪರೀಕ್ಷೆಯ ಮೂಲಕ ಆರಿಸಿಕೊಳ್ಳುತ್ತದೆ. ವೆಲ್ಡರ್, ಫಿಟ್ಟರ್, ಪೈಪ್ ಫಿಟ್ಟರ್, ರಿಗ್ಗರ್ ಮೊದಲಾದ ಕಸುಬುಗಳಲ್ಲಿ ವಿದ್ಯಾರ್ಥಿವೇತನದೊಡನೆ ಕಲಿಸುತ್ತದೆ. ಆದರೆ 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ತರಬೇತಿಯ ಬಳಿಕ ನೌಕರಿ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಖಚಿತ ನೌಕರಿಯೆಂದು ಹೇಳಿ ಹಣ ಕೇಳುವ ಮಧ್ಯಸ್ಥರನ್ನು ಮನೆಯೊಳಗೆ ಬಿಡಬೇಡಿ. ಕಸುಬು ಕಲಿತವರು ಮೇಲ್ವಿಚಾರಕರಾಗಿ, ಅಲ್ಲಿಂದ ಯೋಜನಾ ವಿಭಾಗಕ್ಕೆ ಏರಬಹುದು. ಐ.ಟಿ.ಐ. ಆದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಆದವರಿಗೆ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೂ ನೇರ ಪ್ರವೇಶದ ಅವಕಾಶವಿದೆ. ವ್ಯವಸ್ಥಾಪಕ ಹುದ್ದೆಗೆ ಮೆಕ್ಯಾನಿಕಲ್ ಪದವಿಯೂ ನಡೆಯುತ್ತದೆ. ಹಡಗು ವಿನ್ಯಾಸವನ್ನೇ ಓದಬಯಸುವವರಿಗೆ ಕೊಚ್ಚಿ ವಿಶ್ವವಿದ್ಯಾಲಯ, ಮದ್ರಾಸ್ ಮತ್ತು ಖರಗ್‌ಪುರ ಐ.ಐ.ಟಿ.ಗಳಿವೆ.

ಭಾಷೆಯ ಮಾತನ್ನು ಮುಚ್ಚಿಡುವುದು ಸರಿಯಲ್ಲ. ನಕ್ಷೆಗಳು ಇಂಗ್ಲಿಷಿನಲ್ಲಿರುತ್ತವೆ, ಮುಂಬೈಯ ಕಾರ್ಖಾನೆಯ ಮಾತು ಹಿಂದಿ–ಮರಾಠಿಯಲ್ಲಿ ನಡೆಯುತ್ತದೆ. ಇದನ್ನೇ ಕಾರಣವಾಗಿ ತೋರಿಸಿ ಐದನೆಯ ತರಗತಿಯಲ್ಲೇ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವುದನ್ನು ನಾವು ಒಪ್ಪುವುದಿಲ್ಲ. ಅಳತೆ, ಕೋನ, ಘನಫಲ ಇವು ತಾಯ್ನುಡಿಯಲ್ಲಿ ತಿಳಿದ ಮಗುವಿಗೆ ಇಂಗ್ಲಿಷ್ ಹೆಸರುಗಳನ್ನು ಕಲಿಯಲು ಕೆಲವು ತಿಂಗಳು ಸಾಕು; ಅಳತೆಯೇ ತಿಳಿಯದವನಿಗೆ ಹೆಸರಿನಿಂದ ಪ್ರಯೋಜನವಿಲ್ಲ. ಎಂಟನೆಯ ತರಗತಿಯಿಂದ ಈ ಪದಗಳನ್ನು ಮೂರು ಭಾಷೆಗಳಲ್ಲೂ ಬರೆಸುವುದು ಶಿಕ್ಷಕರಾದ ನಮ್ಮ ಕೆಲಸ.

ಕನ್ನಡ ಮಾಧ್ಯಮದ ಎಸ್.ಎಸ್.ಸಿ. ಅಂಕಪಟ್ಟಿ ಮಹಾರಾಷ್ಟ್ರ ಮಂಡಳಿಯದೇ ಆದ್ದರಿಂದ ರಾಜ್ಯದ ಐ.ಟಿ.ಐ. ಪ್ರವೇಶದಲ್ಲಿ ಅದಕ್ಕೆ ಮರಾಠಿ ಮಾಧ್ಯಮದವರ ಅಂಕಪಟ್ಟಿಯಷ್ಟೇ ಬೆಲೆಯಿದೆ. ಕರ್ನಾಟಕದ ಎಂಜಿನಿಯರಿಂಗ್ ಪ್ರವೇಶದಲ್ಲಿ ಜತ್ತ ತಾಲ್ಲೂಕಿನ ಕನ್ನಡಿಗರು ಗಡಿನಾಡ ಕನ್ನಡಿಗರ ನಿಯಮದಡಿ ಅರ್ಜಿ ಹಾಕಬಹುದು. ಇದಕ್ಕೆ ಬೇಕಾದ ವಾಸ್ತವ್ಯ ಹಾಗೂ ವ್ಯಾಸಂಗ ಪ್ರಮಾಣಪತ್ರಗಳನ್ನು ಅರ್ಜಿಯ ಕೊನೆಯ ವಾರಕ್ಕೆ ಬಿಡದೆ ಹತ್ತನೆಯ ತರಗತಿಯ ಫಲಿತಾಂಶ ಬಂದ ಕೂಡಲೇ ಮಾಡಿಸಿಡಿ.