ಮಹಾವೀರಾಚಾರ್ಯನ ಒಂದು ಸಂಖ್ಯೆ

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲವೆಂದೊಡನೆ ‘ಕವಿರಾಜಮಾರ್ಗ’ವನ್ನು ಸ್ಮರಿಸುವುದು ನಮ್ಮ ವಾಡಿಕೆ. ಅದೇ ಅರಸನ ಸ್ತುತಿಯೊಡನೆ ಕ್ರಿ. ಶ. 850ರ ಸುಮಾರಿಗೆ ರಚಿತವಾದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವನ್ನು ಸ್ಮರಿಸುವವರು ವಿರಳ. ಅದು ಸಂಸ್ಕೃತದಲ್ಲಿದೆ ಎಂಬುದೇ ಕಾರಣವಾದರೆ, ನಾಡಿನ ವಿದ್ಯೆಯ ಇತಿಹಾಸವನ್ನು ನಾವೇ ಅರ್ಧಕ್ಕೆ ಕತ್ತರಿಸಿದಂತಾಗುತ್ತದೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಆ ಗ್ರಂಥವನ್ನು ಇಂಗ್ಲಿಷ್ ಅನುವಾದಸಹಿತ ಪ್ರಕಟಿಸಿದರು.

ಅದರ ಗುಣಾಕಾರಭಾಗದಲ್ಲಿ 27994681ನ್ನು 441ರಿಂದ ಗುಣಿಸುವ ಲೆಕ್ಕವೊಂದಿದೆ. ಲಬ್ಧವು 12345654321. ಒಂದರಿಂದ ಆರರವರೆಗೆ ಏರಿ ಮರಳಿ ಒಂದಕ್ಕಿಳಿಯುವ ಈ ಸಂಖ್ಯೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇದು 111111ರ ವರ್ಗ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧವೇ 111111. ಇನ್ನೂ ಒಡೆದು ನೋಡಿದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳ ವರ್ಗಗಳೇ ದೊರೆಯುತ್ತವೆ. ಆಚಾರ್ಯನು ಲಬ್ಧವನ್ನು ಮೊದಲು ಮನದಲ್ಲಿಟ್ಟುಕೊಂಡು ಗುಣ್ಯಗುಣಕಗಳನ್ನು ಅರಸಿದನೆಂದೇ ನನ್ನ ಊಹೆ. ಇಂಥದು ಆಕಸ್ಮಿಕವಾಗಿ ಕೈಗೆ ಸಿಗುವುದಿಲ್ಲ.

ಇದನ್ನು ಬರಿಯ ಅಂಕವಿನೋದವೆಂದು ತಳ್ಳಿಹಾಕಲಾಗದು. ಗುಣಿಸುವಾಗ ಒಂದು ಅಂಕಿ ತಪ್ಪಿದರೂ ಏರಿಳಿತದ ಕ್ರಮ ಕೆಡುತ್ತದೆ. ಗುರುವನ್ನು ಕೇಳದೆಯೇ ಶಿಷ್ಯನಿಗೆ ತಪ್ಪು ಕಾಣುತ್ತದೆ. ನಮ್ಮ ಕುರ್ಲಾದ ಹಳಿಗಳ ಮೇಲೆ ಸಾಗುವ ಗೂಡ್ಸ್ ವ್ಯಾಗನ್ನುಗಳ ಮೇಲೂ ಹನ್ನೊಂದೇ ಅಂಕಿಗಳಿರುತ್ತವೆ. ಅವುಗಳಲ್ಲಿ ಕೊನೆಯದು ಉಳಿದ ಹತ್ತನ್ನು ಪರೀಕ್ಷಿಸಲೆಂದೇ ಇರುವುದು. ಆಚಾರ್ಯನ ಸಂಖ್ಯೆಗೆ ಅಂತಹ ಪ್ರತ್ಯೇಕ ಕಾವಲು ಬೇಕಿಲ್ಲ, ರೂಪವೇ ಕಾವಲು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. ಇಂತಹ ಕೆಲವು ಲಬ್ಧಗಳನ್ನು ಅವನು ಕೊರಳ ಆಭರಣವೆಂದೇ ಕರೆದಿದ್ದಾನೆ.