ಪರೀಕ್ಷೆ ನಡೆಯದ ವರ್ಷದ ಅಂಕಗಳು

ಮುಂಬಯಿ ವಿಶ್ವವಿದ್ಯಾಲಯವು 1859ರಲ್ಲಿ ಮೊದಲ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ನಡೆಸಿದಂದಿನಿಂದ ಈ ಪ್ರಾಂತದಲ್ಲಿ ಒಂದು ನಂಬಿಕೆ ಬೇರೂರಿತ್ತು: ವಿದ್ಯಾರ್ಥಿಯನ್ನು ಅರಿಯದವನೇ ಅವನ ಉತ್ತರವನ್ನು ತೂಗಬೇಕು. ಹೆಸರಿಗೆ ಬದಲು ಸಂಖ್ಯೆ, ಕಲಿಸಿದ ಗುರುವಿಗೆ ಬದಲು ಕಾಣದ ಪರೀಕ್ಷಕ. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಬಂದು ನೆಲಸಿದ ಕನ್ನಡಿಗರ ಮಕ್ಕಳಿಗೆ ಈ ಏರ್ಪಾಡು ರಕ್ಷೆಯೂ ಆಗಿತ್ತೆನ್ನಬೇಕು. ಶಿಫಾರಸಿಗೆ ನಂಟರಿಲ್ಲದ ಊರಿನಲ್ಲಿ ಅಂಕಪಟ್ಟಿಯೇ ನಂಟ.

ಕೋವಿಡ್ ಪಿಡುಗು ಈ ನಂಬಿಕೆಯನ್ನು ಎರಡು ಹಂತಗಳಲ್ಲಿ ಅಲುಗಿಸಿತು. 2020ರ ಮಾರ್ಚ್ 23ರಂದು ನಡೆಯಬೇಕಾಗಿದ್ದ ಹತ್ತನೆಯ ತರಗತಿಯ ಭೂಗೋಳ ಪತ್ರಿಕೆ ರದ್ದಾಗಿ, ಉಳಿದ ವಿಷಯಗಳ ಸರಾಸರಿಯೇ ಅದರ ಅಂಕವಾಯಿತು. ಇದು ಅಲ್ಪ ವಿಷಯ. ಅದೇ ಏಪ್ರಿಲ್‌ನಲ್ಲಿ ಒಂಬತ್ತನೆಯ ತರಗತಿಯ ದ್ವಿತೀಯ ಸತ್ರದ ಪರೀಕ್ಷೆಯೂ ರದ್ದಾದುದು ಮಾತ್ರ ಮುಂದೆ ದೊಡ್ಡದಾಗಿ ಪರಿಣಮಿಸಿತು.

2021ರ ಏಪ್ರಿಲ್ 20ರಂದು ಮಹಾರಾಷ್ಟ್ರ ಸರಕಾರವು ಹತ್ತನೆಯ ತರಗತಿಯ ಪರೀಕ್ಷೆಯನ್ನೇ ಕೈಬಿಟ್ಟಿತು. ಮೇ 28ರಂದು ಹೊರಬಿದ್ದ ನಿಯಮದಂತೆ ಪ್ರತಿ ವಿಷಯದ 100 ಅಂಕಗಳಲ್ಲಿ 30 ವರ್ಷದೊಳಗಿನ ಲಿಖಿತ ಪರೀಕ್ಷೆಗಳಿಗೆ, 20 ಗೃಹಪಾಠ, ಮೌಖಿಕ, ಪ್ರಾತ್ಯಕ್ಷಿಕಗಳಿಗೆ, ಉಳಿದ 50 ಒಂಬತ್ತನೆಯ ತರಗತಿಯ ಫಲಿತಾಂಶಕ್ಕೆ. ಆ ಒಂಬತ್ತನೆಯ ತರಗತಿಯ ಫಲಿತಾಂಶವಾದರೋ ಪೂರ್ಣ ವರ್ಷದ್ದಲ್ಲ; ಅರ್ಧ ಅಡಿಪಾಯದ ಮೇಲೆ ಅರ್ಧ ಕಟ್ಟಡ! ಮುಖ್ಯೋಪಾಧ್ಯಾಯರ ಅಧ್ಯಕ್ಷತೆಯ ಏಳು ಜನರ ಸಮಿತಿ ಪ್ರತಿ ಶಾಲೆಯಲ್ಲೂ ಅಂಕಗಳನ್ನು ನಿರ್ಣಯಿಸಿತು. ನವಿ ಮುಂಬಯಿಯ ವಾಶಿಯಲ್ಲಿರುವ ವಿಭಾಗೀಯ ಮಂಡಳಿಗೆ ಬಂದುದು ಉತ್ತರಪತ್ರಿಕೆಗಳಲ್ಲ, ಶಾಲೆಗಳು ಕೂಡಿಸಿದ ಮೊತ್ತಗಳು. ತನ್ನ ಮಕ್ಕಳನ್ನು ಬಿಗಿಯಾಗಿ ತೂಗಿದ ಶಾಲೆ ನೆರೆಯ ಶಾಲೆಯ ಔದಾರ್ಯದೆದುರು ಅವರನ್ನು ಸೋಲಿಸಿದಂತಾಗುತ್ತಿತ್ತು. ಈ ಇಕ್ಕಟ್ಟಿಗೆ ಶಿಕ್ಷಕರನ್ನು ದೂರುವುದು ಸಲ್ಲದು.

ರಾಜ್ಯದಲ್ಲಿ ಶೇಕಡಾ 99.95 ಮಂದಿ ಉತ್ತೀರ್ಣರಾದರು, 2020ರಲ್ಲಿ 95.30, 2019ರಲ್ಲಿ 77.10. ಏರಿಕೆಯೆಲ್ಲವನ್ನೂ ಪಿಡುಗಿಗೆ ಕಟ್ಟಲಾಗದು. 2019ರಲ್ಲಿ ಭಾಷಾವಿಷಯಗಳ ಆಂತರಿಕ ಅಂಕಗಳನ್ನು ಕಿತ್ತು ಮರುವರ್ಷ ಮರಳಿಸಲಾಗಿತ್ತು. ಆದರೆ ಪೂರ್ಣ ಶೇಕಡಾ 100 ಪಡೆದವರು 242ರಿಂದ 957ಕ್ಕೆ ಏರಿದಾಗ ಅಂಕವು ಭೇದವನ್ನು ತೋರುವ ಶಕ್ತಿಯನ್ನೇ ಕಳೆದುಕೊಂಡಿತು.

ಇದನ್ನರಿತೇ ಸರಕಾರವು ಹನ್ನೊಂದನೆಯ ತರಗತಿಯ ಪ್ರವೇಶಕ್ಕೆ ಆಗಸ್ಟ್ 21ರಂದು ಐಚ್ಛಿಕ ಪರೀಕ್ಷೆಯೊಂದನ್ನು ಗೊತ್ತುಮಾಡಿತು. ಬರೆದವರಿಗೆ ಮೊದಲ ಆದ್ಯತೆ. ವಿಷಯಗಳು ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜಶಾಸ್ತ್ರ. ತಲಾ 25 ಅಂಕ. ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿದ ಡೊಂಬಿವಲಿಯ ಬಾಲೆಗೆ ಹತ್ತು ವರ್ಷಗಳ ಆ ಓದು ಇಲ್ಲಿ ಲೆಕ್ಕಕ್ಕೇ ಬರುವಂತಿರಲಿಲ್ಲ. ಮರಾಠಿಯ ಮಕ್ಕಳಿಗೂ ಅದೇ ಗತಿಯಾಗಿತ್ತೆಂಬುದು ನಿಜ. ಶಾಲೆಯ ಮೌಲ್ಯಮಾಪನ ಎಷ್ಟೇ ಸಡಿಲವಾಗಿದ್ದರೂ ಅದರಲ್ಲಿ ತಾಯ್ನುಡಿಗೆ ಸ್ಥಾನವಿತ್ತು. ಕರ್ನಾಟಕವಾದರೋ ಪರೀಕ್ಷೆಯನ್ನು ಬಿಡಲಿಲ್ಲ. ಜುಲೈ 19 ಮತ್ತು 22ರಂದು ಆರು ವಿಷಯಗಳನ್ನೂ ಬಹು ಆಯ್ಕೆಯ ಪ್ರಶ್ನೆಗಳಿಗೆ ಇಳಿಸಿ, ಎರಡನೆಯ ದಿನವನ್ನು ಭಾಷೆಗಳಿಗೇ ಮೀಸಲಿರಿಸಿತು. ಅಲ್ಲಿಯೂ ಹೆಚ್ಚು ಕಡಿಮೆ ಎಲ್ಲರೂ ತೇರ್ಗಡೆಯಾದರು.

ಆಗಸ್ಟ್ 10ರಂದು ಮುಂಬಯಿ ಉಚ್ಚ ನ್ಯಾಯಾಲಯವು ಆ ಪ್ರವೇಶಪರೀಕ್ಷೆಯನ್ನು ರದ್ದುಪಡಿಸಿತು. ಅನ್ಯ ಮಂಡಳಿಗಳ ವಿದ್ಯಾರ್ಥಿಗಳಿಗಾಗುವ ಅನ್ಯಾಯವೂ ಕಾರಣಗಳಲ್ಲೊಂದು. ಪ್ರವೇಶವು ಶಾಲೆ ಕೊಟ್ಟ ಅಂಕಗಳ ಮೇಲೆಯೇ ನಡೆಯಿತು. 2022ರ ಮಾರ್ಚ್ 15ರಂದು ಪರೀಕ್ಷೆ ಮರಳಿದಾಗ ಪಠ್ಯದ ಕಾಲುಭಾಗ ಕಡಿತವಾಗಿತ್ತು, ಹೆಚ್ಚಿನ ಸಮಯ ದೊರೆತಿತ್ತು. ವಿದ್ಯಾರ್ಥಿಗಳು ತಮ್ಮ ತಮ್ಮ ಶಾಲೆಗಳಲ್ಲೇ ಕುಳಿತು, ಮತ್ತೆ ಕಾಣದ ಪರೀಕ್ಷಕನಿಗಾಗಿ ಬರೆದರು.